ಹನ್ನೆರಡನೇ ಹಂತ

ಸಂಘಮಿತ್ರಾ ಎಂ.ಎ. ಓದುತ್ತಿದ್ದಾಳೆ ಅಂದರೆ ವಳ್ಳೂರಿನ ಹೆಣ್ಣಾಳುಗಳು ಮೊದಲು ನಂಬಲೇ ಇಲ್ಲ. ಮೂವತ್ತಾರು ವಯಸ್ಸು, ಹೈಸ್ಕೂಲಿಗೆ ಹೋಗುವ ಮಗಳು, ಸೋಲಾರ್ ಪಾರ್ಕಿನ ಆಫೀಸಿನಲ್ಲಿ ಏಳು ವರ್ಷದಿಂದ ಕೂತು ಕಾಗದ ಬರೆಯುವ ಕೆಲಸ, ಇನ್ನೇನಿದೆ ಓದುವುದಕ್ಕೆ? ಏನು ಓದುತ್ತಿದ್ದೀಯ ಎಂದು ಕೇಳಿದಾಗ ಅವಳು ‘ವೃತ್ತಿಪರ ಮತ್ತು ತಾಂತ್ರಿಕ ಬರವಣಿಗೆ’ ಅಂದಳು. ಅವರಲ್ಲಿ ಒಬ್ಬಳಾದ ಕೊಲ್ಲಾಪುರಮ್ಮ ಅದನ್ನು ಎರಡು ಸಲ ಹೇಳಿಸಿ ಕೇಳಿದಳು. ಕಡೆಗೆ ಪ್ಲೇಟು, ಅಂದರೆ ಸೋಲಾರ್ ಫಲಕ, ತೊಳೆಯುವ ಗುಂಪಿನ ಹಿರಿಯಳು ಪಾಪಕ್ಕನೇ ಎಲ್ಲರಿಗೂ ತಿಳಿಯುವ ಹಾಗೆ ಬಿಡಿಸಿ ಹೇಳಿದಳು.

“ಮಿಕ್ಸಿ ತಗಂಡ್ರೆ ಡಬ್ಬದಾಗೆ ಒಂದು ಚೀಟಿ ಇರ್ತದಲ್ಲ, ನಾವು ಓದ್ದೇ ಬಿಸಾಕ್ತೀವಲ್ಲ, ಅದನ್ನ ಬರಿಯಾದು ಹೆಂಗೆ ಅಂತ ಓದ್ತಾವ್ಳೆ ಕಣ್ರೇ.”

ಸಂಘಮಿತ್ರಾಳೂ ನಕ್ಕಳು. ಅದರಲ್ಲಿ ಸುಳ್ಳೇನೂ ಇರಲಿಲ್ಲವಲ್ಲ.

ಎರಡು ವರ್ಷದ ಕೋರ್ಸು ಅವಳ ಕೈಯಲ್ಲಿ ನಾಲ್ಕನೇ ವರ್ಷಕ್ಕೆ ಬಂದಿತ್ತು. ಹೊರರಾಜ್ಯದ ಒಂದು ವಿಶ್ವವಿದ್ಯಾಲಯ, ಭಾನುವಾರ ಕಂಪ್ಯೂಟರಿನಲ್ಲಿ ಪಾಠ. ಒಂದು ವರ್ಷ ಅತ್ತೆಯ ಮೊಣಕಾಲಿನ ಆಪರೇಷನ್ನು ನುಂಗಿತು, ಇನ್ನೊಂದು ಹೇಗೆ ಹೋಯಿತು ಅಂತ ಅವಳಿಗೇ ನೆನಪಿಲ್ಲ. ಆಫೀಸಿನಲ್ಲಿ ಅವಳದು ವರ್ಷಕ್ಕೊಮ್ಮೆ ಮುಂದುವರಿಸುವ ಕರಾರಿನ ಕೆಲಸ. ದಾಖಲೆ ವಿಭಾಗದ ಕಾಯಂ ಹುದ್ದೆ ಖಾಲಿಯಿತ್ತು, ಅದಕ್ಕೆ ಈ ಡಿಗ್ರಿಯೇ ಆಗಬೇಕು. ಅಲ್ಲದೆ ಅವಳಿಗೆ ಆ ಓದು ಇಷ್ಟವೂ ಆಗಿತ್ತು, ಮೊದಲ ವರ್ಷದಲ್ಲಿ. ಅಪ್ಪ ಲಕ್ಷ್ಮಯ್ಯ ಮಧುಗಿರಿ ತಾಲ್ಲೂಕು ಕಚೇರಿಯ ಮುಂದೆ ಕೂತು ಜನರ ಅರ್ಜಿ ಬರೆದುಕೊಡುತ್ತಿದ್ದವರು. ಇನ್ನೊಬ್ಬರಿಗೆ ಉಪಯೋಗಕ್ಕೆ ಬರುವ ಹಾಗೆ ನಾಲ್ಕು ಸಾಲು ಬರೆಯುವುದೂ ಒಂದು ವಿದ್ಯೆ ಎಂದು ಯಾರೋ ಪುಸ್ತಕ ಮಾಡಿ ಕಲಿಸುತ್ತಾರೆ ಅಂದಾಗ ಅವಳಿಗೆ ಹಿಗ್ಗಾಗಿತ್ತು. ಆ ಹಿಗ್ಗು ಈಗ ಎಲ್ಲಿತ್ತೋ. ಮಧುಗಿರಿಯಲ್ಲಿ ಮೊದಲ ಬಸ್ಸು ಹತ್ತಿ, ಸೀಟು ಸಿಕ್ಕರೆ ಮೊಬೈಲಿನಲ್ಲಿ ಇಂಗ್ಲಿಷ್ ಪಾಠ ತೆರೆದು, ‘ಬಳಕೆದಾರರು ಎಂದರೆ ಯಾರು’ ಅನ್ನುವ ಅಧ್ಯಾಯದ ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು. ಪಾವಗಡದ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕಂಬಿ ಬಡಿದು ಎಬ್ಬಿಸುತ್ತಿದ್ದ. ಅಲ್ಲಿಂದ ಪಾರ್ಕಿಗೆ ಹೋಗುವ ಬಸ್ಸಿನಲ್ಲಿ, ಹೆಣ್ಣಾಳುಗಳ ನಡುವೆ ಕೂತು, ಮತ್ತೆ ಅದೇ ಪ್ಯಾರಾ, ಅದೇ ತೂಕಡಿಕೆ. ಒಂದೇ ಅಧ್ಯಾಯದ ಎರಡನೇ ಪ್ಯಾರಾವನ್ನು ಅವಳು ಹತ್ತು ಸಲವಾದರೂ ಓದಿರಬೇಕು.

ಈಗ ಉಳಿದದ್ದು ಒಂದೇ, ಕೊನೆಯ ಪ್ರಾಜೆಕ್ಟು. ನಿಜವಾದ ಕೆಲಸಗಾರರಿಗೆ, ಅವರ ಭಾಷೆಯಲ್ಲಿ, ಒಂದು ಕೆಲಸದ ಕ್ರಮ ಬರೆಯಬೇಕು. ಬರೆದದ್ದನ್ನು ಐದು ಜನರಿಗೆ ಒಬ್ಬೊಬ್ಬರಾಗಿ ಕೊಟ್ಟು ನೋಡಬೇಕು. ಕೈಗೆ ಕಾಗದ ಕೊಟ್ಟ ಮೇಲೆ ಬರೆದವರು ಬಾಯಿ ತೆರೆಯುವಂತಿಲ್ಲ, ಸನ್ನೆಯನ್ನೂ ಮಾಡುವಂತಿಲ್ಲ. ಐವರಲ್ಲಿ ನಾಲ್ವರಾದರೂ ತಾವೇ ಓದಿ, ಯಾರ ಸಹಾಯವೂ ಇಲ್ಲದೆ ಕೆಲಸ ಮುಗಿಸಿದರೆ ಬರಹ ಪಾಸು. ಶುಕ್ರವಾರ ಸಂಜೆ ಐದರೊಳಗೆ ಫಲಿತಾಂಶ ಕಳಿಸಬೇಕು. ಕಳಿಸದಿದ್ದರೆ, ಅಥವಾ ಕಳಿಸಿದ್ದು ಒಪ್ಪಿಗೆಯಾಗದಿದ್ದರೆ, ನೋಂದಣಿಯ ಅವಧಿಯೇ ಮುಗಿದು ಮತ್ತೆ ಮೊದಲಿನಿಂದ ಸೇರಬೇಕು.

ಅವಳು ಆರಿಸಿಕೊಂಡದ್ದು ಸೋಲಾರ್ ಫಲಕ ತೊಳೆಯುವ ಕೆಲಸವನ್ನು. ಹದಿನಾಲ್ಕು ಹಂತ, ಒಂದು ಹಾಳೆ. ಮೊದಲ ಕರಡು ನೋಡಿ ಗೈಡು ಗೌರೀಶ್ ಸರ್, ಕೆಲಸದ ಹಂತಗಳೂ ವರದಿಯ ಹಂತಗಳೂ ಬೆರೆತುಹೋಗಿವೆ, ಆಫೀಸಿಗೆ ತಿಳಿಸುವುದನ್ನೆಲ್ಲ ಕೊನೆಗೆ ಒಂದೆಡೆ ತನ್ನಿ ಎಂದು ಬರೆದಿದ್ದರು. ಒಳ್ಳೆಯ ಸಲಹೆಯೇ. ಬಸ್ಸಿನಲ್ಲಿ ಕೂತು ಮೊಬೈಲಿನಲ್ಲೇ ಸಾಲುಗಳನ್ನು ಎತ್ತಿ ಕೆಳಗಿಟ್ಟಳು. ಹಾಳೆ ಚೊಕ್ಕವಾಯಿತು. ಸೈಟ್ ಎಂಜಿನಿಯರ್ ಚಿರಂಜೀವಿಗೂ ಅದು ಹಿಡಿಸಿತು. ಪಾಸಾದ ಮೇಲೆ ಇದನ್ನೇ ಬೋರ್ಡು ಮಾಡಿಸಿ ಪ್ರತಿ ಬ್ಲಾಕಿನ ಬಾಯಲ್ಲೂ ನೆಡಿಸೋಣ ಎಂದು ಶಿರಾದ ಫ್ಲೆಕ್ಸ್ ಅಂಗಡಿಯವನಿಗೆ ಆಗಲೇ ಹೇಳಿಟ್ಟಿದ್ದ.

ಬುಧವಾರ ಮೂವರನ್ನು ನೋಡಿದ್ದಾಯಿತು. ಮೊದಲು ಶರಣ್ಯಾ, ಗುಂಪಿನಲ್ಲಿ ಪಿಯುಸಿ ಮುಗಿಸಿದ್ದ ಒಬ್ಬಳೇ ಹುಡುಗಿ, ಆಮೇಲೆ ಇನ್ನಿಬ್ಬರು. ಗುರುವಾರ ಕೊಲ್ಲಾಪುರಮ್ಮ. ನಾಲ್ವರೂ ಹಾಳೆ ಹಿಡಿದುಕೊಂಡು, ತುಟಿ ಅಲ್ಲಾಡಿಸಿಕೊಂಡು, ಒಂದು ಹಂತವೂ ತಪ್ಪದ ಹಾಗೆ ಫಲಕಗಳ ಒಂದೊಂದು ಸಾಲು ತೊಳೆದು ಮುಗಿಸಿದರು. ಟ್ಯಾಂಕರಿನ ವಾಲ್ವು ತೆರೆಯುವುದು, ಪೈಪು ಬಿಚ್ಚುವುದು, ಮೇಲಿನಿಂದ ಕೆಳಕ್ಕೆ ನೀರು, ಆಮೇಲೆ ಉದ್ದ ಕೋಲಿನ ಬ್ರಷ್ಷು, ಎಲ್ಲವೂ ಬರೆದ ಹಾಗೇ. ಸಂಘಮಿತ್ರಾ ಮೊಬೈಲಿನಲ್ಲಿ ಸಮಯ ನೋಡುತ್ತ ಟಿಕ್ ಹಾಕಿದಳು. ನಾಲ್ವರ ಸಮಯವೂ ಹೆಚ್ಚುಕಡಿಮೆ ಒಂದೇ ಬಂದಿತ್ತು. ಐವತ್ತು ದಾಟಿದ ಕೊಲ್ಲಾಪುರಮ್ಮನೂ ಪಿಯುಸಿ ಹುಡುಗಿಯೂ ಒಂದೇ ವೇಗದಲ್ಲಿ ಓದುವುದು ಹೇಗೆ ಎಂದು ಅವಳಿಗೆ ಒಂದು ಗಳಿಗೆ ಅನಿಸಿತು. ಅನಿಸಿದ್ದನ್ನು ಬದಿಗೆ ತಳ್ಳಿದಳು. ದಣಿದವರಿಗೆ ಒಳ್ಳೆಯ ಸುದ್ದಿಯ ಮೇಲೆ ಅನುಮಾನಪಡುವ ಶಕ್ತಿ ಇರುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಪಾಪಕ್ಕನ ಸರದಿ. ಲೆಕ್ಕದ ಪ್ರಕಾರ ಇದು ಬೇಕೇ ಇರಲಿಲ್ಲ, ನಾಲ್ವರು ಆಗಿದ್ದರಲ್ಲ. ಆದರೂ ಪಾಪಕ್ಕ ಬಿಡಲಿಲ್ಲ, ತಲೆಗೆ ಟವೆಲು ಸುತ್ತಿ, ಮದುವೆ ಮನೆಯಲ್ಲಿ ಬಡಿಸುವುದಕ್ಕೆ ನಿಂತವಳ ಹಾಗೆ ಸೆರಗು ಬಿಗಿದು ಬಂದು ನಿಂತಳು. ಬಿಸಿಲಿನ್ನೂ ಏರಿರಲಿಲ್ಲ. ಟ್ರ್ಯಾಕ್ಟರಿನ ಹಿಂದಿನ ಟ್ಯಾಂಕರು ಸಾಲಿನ ತುದಿಯಲ್ಲಿ ನಿಂತಿತ್ತು. ಉಳಿದವರು ಪಕ್ಕದ ಸಾಲಿನಲ್ಲಿ ಕೆಲಸ ಬಿಟ್ಟು ನೋಡುತ್ತಿದ್ದರು.

ಪಾಪಕ್ಕ ಒಂದು, ಎರಡು, ಮೂರು ಎಂದು ತುಟಿಯಲ್ಲೇ ಎಣಿಸಿಕೊಂಡು ಮಾಡುತ್ತ ಬಂದಳು. ಪೈಪು ಹಿಡಿದು ಎರಡು ಫಲಕ ನೆನೆಸಿದಳು. ಮೂರನೆಯದರ ಮುಂದೆ ಬಂದು ನಿಂತುಬಿಟ್ಟಳು. ಸಂಘಮಿತ್ರಾಳೂ ಆಗಲೇ ನೋಡಿದ್ದು. ಆ ಗಾಜಿಗೆ ಎಲ್ಲಿಂದಲೋ ಕಲ್ಲು ಸಿಡಿದು ಬಡಿದಿತ್ತು, ಜೇಡರ ಬಲೆಯ ಹಾಗೆ ಅಂಚಿನವರೆಗೂ ಬಿರುಕು ಹರಿದಿತ್ತು. ಒಡೆದ ಫಲಕಕ್ಕೆ ನೀರು ಬಿಟ್ಟರೆ ಒಳಗಿನ ವಿದ್ಯುತ್ತು ಕಬ್ಬಿಣದ ಕಂಬಿಗೂ ಒದ್ದೆ ಕೈಗೂ ಬರಬಹುದು. ಇದು ಪಾರ್ಕಿನಲ್ಲಿ ಕಸ ಗುಡಿಸುವವರಿಗೂ ಗೊತ್ತು.

ಪಾಪಕ್ಕ ಗಾಜು ನೋಡಿದಳು. ಹಾಳೆ ನೋಡಿದಳು. ಸಂಘಮಿತ್ರಾಳ ಮುಖ ನೋಡಿದಳು. ಸಂಘಮಿತ್ರಾ ಬಾಯಿ ಮುಚ್ಚಿ ನಿಂತಿದ್ದಳು, ನಿಯಮ ಅದು. ಪಾಪಕ್ಕ ಪೈಪು ಎತ್ತಿದಳು.

“ಪಾಪಕ್ಕ, ನಿಲ್ಲು.”

ಪೈಪು ಗಾಳಿಯಲ್ಲೇ ನಿಂತಿತು. ನೀರು ಇಬ್ಬರ ನಡುವೆ ನೆಲಕ್ಕೆ ಸುರಿಯಿತು.

“ಮಾತಾಡಂಗಿಲ್ಲ ಅಂತ ನೀನೇ ಅಲ್ವಾ ಹೇಳಿದ್ದು?” ಅಂದಳು ಪಾಪಕ್ಕ.

“ಒಡೆದಿರೋದು ಕಾಣ್ಲಿಲ್ವಾ ನಿನಗೆ?”

“ಕಾಣ್ದೇ ಏನು, ಕಣ್ಣಿಲ್ವಾ ನಂಗೆ? ಒಡ್ದಿರಾದ್ನ ನೋಡಿ ಗುರುತು ಹಾಕು ಅಂತ ನೀನು ಹನ್ನೆರಡ್ನೇದ್ರಾಗೆ ಬರ್ದಿದೀಯ. ನಾನಿನ್ನೂ ಆರ್ನೇದ್ರಾಗೆ ಇದೀನಿ.”

ಸಂಘಮಿತ್ರಾ ಹಾಳೆ ಇಸಿದುಕೊಂಡು ನೋಡಿದಳು. ಹೌದು. ಗುರುತು ಹಾಕಿ ಆಫೀಸಿಗೆ ತಿಳಿಸಿ ಅನ್ನುವುದನ್ನು ಕೆಳಗೆ ಇಳಿಸುವಾಗ, ಮೊದಲು ಗಾಜು ನೋಡಿ ಅನ್ನುವ ಸಾಲೂ ಅದರ ಬಾಲ ಹಿಡಿದು ಇಳಿದುಹೋಗಿತ್ತು. ಆರರಲ್ಲಿ ನೀರು, ಹನ್ನೆರಡರಲ್ಲಿ ನೋಟ. ಗೌರೀಶ್ ಸರ್ ಫಲಕವನ್ನು ಹತ್ತಿರದಿಂದ ನೋಡಿದವರಲ್ಲ, ಅವರಿಗೆ ತಿಳಿಯುವ ಹಾಗಿರಲಿಲ್ಲ. ಅವಳು ಏಳು ವರ್ಷದಿಂದ ಇಲ್ಲೇ ಇದ್ದವಳು.

ವಾಲ್ವು ಮುಚ್ಚಿಸಿ ಎಲ್ಲರೂ ಟ್ಯಾಂಕರಿನ ನೆರಳಿಗೆ ಬಂದರು. ಉಳಿದ ನಾಲ್ವರ ಸಾಲಿನಲ್ಲಿ ಒಡೆದದ್ದು ಇರಲಿಲ್ಲ, ಅದು ಪುಣ್ಯ. ಆದರೆ ಹಾಳೆ ತಪ್ಪಿದೆ ಅಂತ ಯಾರಿಗೂ ಹೊಳೆಯಲಿಲ್ಲವೇ ಎಂದು ಸಂಘಮಿತ್ರಾ ಕೇಳಿದಳು. ಶರಣ್ಯಾ ಬ್ರಷ್ಷಿನ ಕೂದಲು ಕೀಳುತ್ತ ನಿಂತಳು. ಕಡೆಗೆ ಒಬ್ಬೊಬ್ಬರ ಬಾಯಿಂದ ಒಂದೊಂದು ಚೂರಾಗಿ ಬಂತು. ಹಾಳೆಯ ಒಂದು ಪ್ರತಿ ಹೋದ ವಾರವೇ ಆಫೀಸಿನ ಮೇಜಿನಿಂದ ಅವರ ಕೈಸೇರಿತ್ತು. ದಿನಾ ಟೀ ಹೊತ್ತಿನಲ್ಲಿ ಶರಣ್ಯಾ ಓದುವುದು, ಉಳಿದವರು ಹಿಂದೆ ಹೇಳುವುದು. ಅಷ್ಟುದ್ದ ಬಾಯಿಗೆ ಹತ್ತದು ಎಂದು ಕೊಲ್ಲಾಪುರಮ್ಮ ಅದಕ್ಕೆ ಶೇಂಗಾ ಕಳೆ ಕೀಳುವಾಗಿನ ಹಾಡಿನ ಧಾಟಿ ಹಚ್ಚಿದ್ದಳು. ನಾಲ್ಕು ದಿನದಲ್ಲಿ ಹದಿನಾಲ್ಕೂ ಬಾಯಿಪಾಠ. ಟೆಸ್ಟಿನ ದಿನ ಹಾಳೆ ಕೈಯಲ್ಲಿತ್ತು, ಅಷ್ಟೇ. ಯಾರೂ ಓದಿರಲಿಲ್ಲ.

ಪಾಪಕ್ಕನಿಗೆ ಓದಲು ಆಗುತ್ತಲೂ ಇರಲಿಲ್ಲ. ಅವಳು ನಾಲ್ಕನೇ ಕ್ಲಾಸಿನವರೆಗೆ ಓದಿದ್ದು ಗಡಿಯಾಚೆ ಅಜ್ಜಿಯ ಊರಿನಲ್ಲಿ, ತೆಲುಗಿನಲ್ಲಿ. ಕನ್ನಡದ ಅಕ್ಷರ ಅರ್ಧಂಬರ್ಧ ಗುರುತು ಸಿಗುತ್ತದೆ ಅಂದಳು, ನೆಂಟರ ಮಕ್ಕಳ ಮುಖ ನೋಡಿದ ಹಾಗೆ.

“ಯಾಕೆ ಹೇಳ್ಲಿಲ್ಲ?” ಅಂತ ಕೇಳಿದಳು ಸಂಘಮಿತ್ರಾ.

“ಏನಂತ ಹೇಳಾದು ಅಮ್ಮಾಯಿ? ನಾಲ್ಕು ವರ್ಸದಿಂದ ನೀನು ಬಸ್ನಾಗೆ ತೂಕಡಿಸ್ತಾ ಓದಾದ್ನ ನೋಡಿದೀವಿ ಕದಾ. ಪರೀಕ್ಷೆ ನಿಂದಾದ್ರೆ ಮಾಡೋರು ನಾವು. ನಾವು ತಪ್ಪಿದ್ರೆ ನೀನು ಫೇಲು ಅಂತ ನೀನೇ ಅಂದೆ.”

ಕೊಲ್ಲಾಪುರಮ್ಮ ಮಧ್ಯೆ ಬಾಯಿ ಹಾಕಿದಳು. ತಾನು ಮೊದಲನೇ ದಿನವೇ ಹನ್ನೆರಡನೆಯದು ಅಲ್ಲಿರಬಾರದು ಅಂದಿದ್ದೆ, ಈ ಪಾಪಕ್ಕನೇ ಬಾಯಿ ಮುಚ್ಚಿಸಿದಳು ಅಂದಳು.

“ಮತ್ತಿನ್ನೇನು? ಎಂಎ ಓದಾಳು ಬರ್ದವ್ಳೆ, ಏನೋ ಇರ್ತದೆ ಅದ್ರಾಗೆ ಅಂದ್ಕಂಡೆ. ಅವ್ರ ಮೇಷ್ಟ್ರು ಬೇರೆ ನೋಡವ್ರೆ.”

ಸಂಘಮಿತ್ರಾ ಆಫೀಸಿಗೆ ಬಂದು ಕೂತಾಗ ಒಂಬತ್ತೂವರೆ. ಐದಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಆದರೆ ಹೊಸದಾಗಿ ಬರೆದು, ಹಾಳೆ ನೋಡದೇ ಇರುವ ಐದು ಜನರನ್ನು ಹುಡುಕಿ, ತೊಳೆಸಿ ನೋಡುವಷ್ಟು ಇರಲಿಲ್ಲ. ಬಿಸಿಲೇರಿದ ಮೇಲೆ ಗಾಜಿಗೆ ತಣ್ಣೀರು ತಾಕಿಸುವ ಹಾಗೆಯೇ ಇಲ್ಲ, ಕಾದ ಗಾಜು ಬಿರಿಯುತ್ತದೆ. ಗೌರೀಶ್ ಸರ್‌ಗೆ ಫೋನು ಮಾಡಿದಳು. ಐದನೆಯವರ ಟೆಸ್ಟಿನಲ್ಲಿ ತಾನು ಬಾಯಿಬಿಟ್ಟು ನಿಲ್ಲಿಸಬೇಕಾಯಿತು ಅಂದಳು. ಅವರ ಧ್ವನಿಯೂ ದಣಿದಿತ್ತು, ಆ ವಾರ ಅವರು ನೋಡಬೇಕಾದ ಪ್ರಾಜೆಕ್ಟುಗಳು ನಲವತ್ತಂತೆ. ನಾಲ್ವರದು ಸರಿಯಿದೆಯಲ್ಲ, ಐದನೆಯದು ವಿಫಲ ಎಂದು ಬರೆದು ಕಳಿಸಿಬಿಡಿ, ಇಷ್ಟು ದೂರ ಬಂದಿದ್ದೀರಿ ಅಂದರು. ಬಾಯಿಪಾಠದ ವಿಷಯ ಅವಳು ಹೇಳಲಿಲ್ಲ.

ಚಿರಂಜೀವಿ ಬಾಗಿಲಲ್ಲಿ ತಲೆಹಾಕಿ, ಶಿರಾದವನು ಫೈಲು ಕೇಳುತ್ತಿದ್ದಾನೆ, ಸಂಜೆಯೊಳಗೆ ಕೊಟ್ಟರೆ ನಾಳೆಯೇ ಪ್ರಿಂಟು ಅಂದ. ಒಂದು ಹಂತ ಅದಲುಬದಲಾಗಿದೆ, ಹೀಗೇ ಹಾಕಿದರೆ ಯಾರದಾದರೂ ಜೀವಕ್ಕೆ ಬರುತ್ತದೆ ಅಂದಳು. ಅವನು ಒಳಗೆ ಬಂದು ಹಾಳೆ ನೋಡಿದ. ತಾನೂ ಸಹಿ ಹಾಕಿದ್ದ ಹಾಳೆ. ಕುತ್ತಿಗೆ ಉಜ್ಜಿಕೊಂಡು, ಬುಧವಾರದೊಳಗೆ ಸರಿಮಾಡಿ ಕೊಡಿ ಎಂದು ಹೇಳಿ ಹೋದ.

ಮಧ್ಯಾಹ್ನ ಗಂಡ ಅಂಜನ್ ಕುಮಾರ್ ಫೋನು ಮಾಡಿದ. ಅವನು ಕೊಡಿಗೇನಹಳ್ಳಿಯಲ್ಲಿ ಮೇಷ್ಟ್ರು, ಊಟದ ಬಿಡುವಿನಲ್ಲಿ ಮಾತಾಡುತ್ತಿದ್ದ. ಎಲ್ಲ ಕೇಳಿ, ಇದರಲ್ಲಿ ಅಳುವುದಕ್ಕೇನಿದೆ ಅಂದ. ಬೋರ್ಡಿಗೆ ಸರಿಯಾದದ್ದು ಕಳಿಸು, ಯೂನಿವರ್ಸಿಟಿಗೆ ಇದ್ದದ್ದು ಕಳಿಸು. ಬೋರ್ಡು ಸರಿಯಿದ್ದರೆ ಯಾರಿಗೂ ತೊಂದರೆಯಿಲ್ಲ, ಅಲ್ಲಿ ಕೂತವರಿಗೆ ಆರೂ ಒಂದೇ ಹನ್ನೆರಡೂ ಒಂದೇ. ನಾನು ಅಳುತ್ತಿಲ್ಲ ಅಂದಳು ಅವಳು. ಫೋನಿಟ್ಟ ಮೇಲೆ ಅವನ ಮಾತೇ ಸರಿ ಅನಿಸಿತು. ಯಾರಿಗೂ ಏನೂ ಆಗದ ಸುಳ್ಳು. ನಾಲ್ಕು ವರ್ಷದ ಭಾನುವಾರಗಳು. ಅವಳು ಕಂಪ್ಯೂಟರಿನಲ್ಲಿ ಫಲಿತಾಂಶದ ಕೋಷ್ಟಕ ತೆರೆದಳು. ‘ತಾನೇ ಓದಿ ಮಾಡಿದರೇ?’ ಅನ್ನುವ ಕಾಲಮ್ಮಿನಲ್ಲಿ ಒಂದನೆಯವರು, ಹೌದು. ಎರಡನೆಯವರು, ಹೌದು. ಮೂರನೆಯವರು, ಹೌದು. ನಾಲ್ಕನೆಯವರು, ಹೌದು. ಟೈಪು ಮಾಡುವುದು ಸಲೀಸಾಗಿ ಆಗಿಹೋಯಿತು. ಅದೊಂದು ಅವಳಿಗೆ ಆಶ್ಚರ್ಯವಾಯಿತು.

ಮೂರು ಗಂಟೆಗೆ ಪಾಪಕ್ಕ ಬಂದಳು. ಮುಖ ತೊಳೆದು, ತಲೆ ಬಾಚಿ, ಬೇರೆ ಸೀರೆ ಉಟ್ಟು ಬಂದಿದ್ದಳು. ಟೆಸ್ಟಿಗೆ ನಿಂತವರೆಲ್ಲ ಒಂದು ಕಾಗದಕ್ಕೆ ಸಹಿ ಹಾಕಬೇಕಿತ್ತು, ‘ನಾನೇ ಓದಿ, ನಾನೇ ಈ ಕೆಲಸ ಮಾಡಿದ್ದೇನೆ’ ಎಂದು. ಉಳಿದ ನಾಲ್ವರ ಸಹಿ ಆಗಿತ್ತು. ಎಲ್ಲಿ ಹಾಕಬೇಕು ತೋರಿಸು, ತೆಲುಗಿನಲ್ಲಿ ಹಾಕುತ್ತೇನೆ, ನಡೆಯುತ್ತದಾ ಎಂದು ಪಾಪಕ್ಕ ಕುರ್ಚಿ ಎಳೆದು ಕೂತಳು. ಸಂಘಮಿತ್ರಾ ಕಾಗದ ಮುಂದೆ ಇಟ್ಟಳು. ಪೆನ್ನನ್ನೂ ಕೊಟ್ಟಳು. ಪಾಪಕ್ಕ ಪೆನ್ನು ಊರುವ ಹೊತ್ತಿಗೆ ಸಂಘಮಿತ್ರಾ ಕೇಳಿದಳು.

“ಬೆಳಿಗ್ಗೆ ನಾನು ನಿಲ್ಲು ಅನ್ನದೇ ಇದ್ದಿದ್ರೆ?”

“ನೀರು ಬುಡ್ತಿದ್ದೆ.”

“ಗೊತ್ತಿದ್ದೂ?”

“ಗೊತ್ತಿಲ್ದೇ ಏನು. ಬೂಟ್ ಹಾಕ್ಕಂಡಿದ್ದೆ, ಕಂಬಿ ಮುಟ್ದಂಗೆ ಅತ್ಲಾಗ್ ನಿಂತ್ಕಂಡು ಒಂದೀಟು ಬುಟ್ಟು ಮುಂದಕ್ಕೋಗಾನ ಅಂತಿದ್ದೆ. ಹೊಡ್ದಿದ್ರೆ ಹೊಡೀತಿತ್ತು. ಪಾಸ್ ಮಾಡ್ಸಾನ ಅಂತ ಮಾತಾಡ್ಕಂಡ್ಮ್ಯಾಲೆ ಕೊನೇಲಿ ನಾನೇ ಕೆಡ್ಸಕ್ಕಾಗ್ತದಾ?”

ಅವಳು ಅದನ್ನು ದೊಡ್ಡ ಮಾತು ಅಂತ ಹೇಳಲಿಲ್ಲ. ಬಸ್ಸು ತಪ್ಪಿದರೆ ನಡೆದು ಬರುತ್ತಿದ್ದೆ ಅನ್ನುವ ಹಾಗೆ ಹೇಳಿದಳು. ಸಂಘಮಿತ್ರಾ ಕೈ ಚಾಚಿ ಕಾಗದವನ್ನು ಹಿಂದಕ್ಕೆ ಎಳೆದುಕೊಂಡಳು. ಯಾರಿಗೂ ಏನೂ ಆಗದ ಸುಳ್ಳು ಎಂದು ಈಗಷ್ಟೇ ಅಂದುಕೊಂಡಿದ್ದಳು. ಆ ಸುಳ್ಳಿಗಾಗಿ ಈ ಹೆಂಗಸು ಇವತ್ತು ಸತ್ತೇಹೋಗಬಹುದಿತ್ತು. ಹೋಗಿದ್ದರೂ ಕೋಷ್ಟಕದಲ್ಲಿ ನಾಲ್ಕು ‘ಹೌದು’ ಹಾಗೇ ಇರುತ್ತಿದ್ದವು.

“ಸಹಿ ಬೇಡ ಪಾಪಕ್ಕ. ನಡೆದದ್ದು ನಡೆದ ಹಾಗೇ ಬರೆದು ಕಳಿಸ್ತೀನಿ.”

“ನಡ್ದಿದ್ದು ಅಂದ್ರೆ?”

“ಬಾಯಿಪಾಠ ಮಾಡಿದ್ದು. ನಾನು ತಪ್ಪು ಬರೆದದ್ದು. ನೀವೆಲ್ಲ ಗೊತ್ತಿದ್ದೂ ಅದನ್ನೇ ಮಾಡಿದ್ದು.”

ಪಾಪಕ್ಕ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು.

“ವಾರ ಪೂರ್ತಿ ಟೀ ಆರ್ಸ್ಕಂಡು ಉರು ಹೊಡ್ದಿದೀವಿ. ಅಷ್ಟನ್ನೂ ನೀರಿಗಾಕ್ಬುಟ್ಟಲ್ಲ ನೀನು,” ಅಂದು ಎದ್ದು ಹೋದಳು.

ಸಂಘಮಿತ್ರಾ ನಾಲ್ಕು ‘ಹೌದು’ಗಳನ್ನೂ ಅಳಿಸಿದಳು. ಐದು ‘ಇಲ್ಲ’ ಹಾಕಿದಳು. ಕೆಳಗೆ, ಕಾರಣ ಅನ್ನುವಲ್ಲಿ, ಇಲ್ಲಿ ಒಬ್ಬರು ಓದಿ ಉಳಿದವರು ಕೇಳಿ ಕೆಲಸ ಮಾಡುವುದು ರೂಢಿ, ಒಂಟಿಯಾಗಿ ಓದುವ ಬಳಕೆದಾರರನ್ನು ಮನಸ್ಸಿನಲ್ಲಿಟ್ಟು ನಾನು ಬರೆದೆ, ಅಂಥವರು ಈ ಗುಂಪಿನಲ್ಲಿ ಇಲ್ಲ ಎಂದು ಬರೆದಳು. ಹಂತ ತಪ್ಪಿದ್ದನ್ನು ಬರೆದಳು. ತಪ್ಪು ಎಂದು ತಿಳಿದವರೂ ಬರೆದವಳ ಮೇಲಿನ ಅಕ್ಕರೆಗೆ ಅದನ್ನೇ ಪಾಲಿಸಿದರು ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು ಎಂದು ತಿಳಿಯದೆ ಹತ್ತು ನಿಮಿಷ ಕೂತಳು. ಐದಕ್ಕೆ ಹತ್ತು ನಿಮಿಷ ಇರುವಾಗ ಫಲಿತಾಂಶ ಹೋಯಿತು.

ಭಾನುವಾರ ಗೌರೀಶ್ ಸರ್ ತಾವೇ ಫೋನು ಮಾಡಿದರು. ನಿಮ್ಮ ಬರಹದಲ್ಲೆಲ್ಲ ಆ ಕೊನೆಯ ಪುಟವೇ ಚೆನ್ನಾಗಿದೆ ಅಂದರು. ಆದರೆ ಸಮಿತಿಯವರು ಹೊಸ ಟೆಸ್ಟು ಇಲ್ಲದೆ ಒಪ್ಪುವುದಿಲ್ಲ, ಅವಧಿ ಮುಗಿದಿದೆ, ನಾನು ಒಂದು ಪತ್ರ ಬರೆಯಬಹುದು, ಭರವಸೆ ಕೊಡಲಾರೆ ಅಂದರು. ಶುಕ್ರವಾರ ಬೆಳಿಗ್ಗೆ ಯಾಕೆ ಪೂರ್ತಿ ಹೇಳಲಿಲ್ಲ ಎಂದೂ ಕೇಳಿದರು. ಹೇಳಿದ್ದರೆ ನೀವು ಕಳಿಸಬೇಡಿ ಅಂತಿದ್ದಿರಿ ಸರ್, ಅದಕ್ಕೇ ಹೇಳಲಿಲ್ಲ ಅಂದಳು. ನಿಜ ಅಂದರು ಅವರು.

ಸೋಮವಾರ ಅವಳು ಸಾಲಿಗೆ ಹೋದಾಗ ಯಾರೂ ಟೀ ಕುಡಿಯುತ್ತೀಯಾ ಅನ್ನಲಿಲ್ಲ. ಶರಣ್ಯಾ ಒಬ್ಬಳು ನಕ್ಕ ಹಾಗೆ ಮಾಡಿ, ಪಾಪಕ್ಕನ ಕಡೆ ನೋಡಿ ಅದನ್ನೂ ನಿಲ್ಲಿಸಿದಳು. ಪಾಪಕ್ಕ ಬೂಟಿನೊಳಗಿನ ಮಣ್ಣು ಕೊಡವುತ್ತ ಕೂತಿದ್ದಳು. ತಲೆಯೆತ್ತದೆಯೇ ಕೇಳಿದಳು.

“ಏನಂತಾರೆ ನಿಮ್ಮ ಮೇಷ್ಟ್ರು?”

“ಮತ್ತೆ ಮೊದಲಿಂದ ಸೇರಬೇಕಾಗ್ಬಹುದು ಅಂತಾರೆ.”

“ಸೇರ್ತೀಯಾ?”

“ಗೊತ್ತಿಲ್ಲ ಪಾಪಕ್ಕ. ಸಾಕಾಗಿದೆ.”

ಪಾಪಕ್ಕ ಸಮಾಧಾನ ಹೇಳಲಿಲ್ಲ. ಅವಳಿಗೂ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಸಾಕಾಗಿತ್ತು. ಬೂಟು ಹಾಕಿಕೊಂಡು, ಬುಧವಾರಕ್ಕೆ ಎಂಜಿನಿಯರಿಗೆ ಕೊಡಬೇಕಂತಲ್ಲ, ಅದನ್ನಾದರೂ ನೆಟ್ಟಗೆ ಬರಿ, ಬಾ ಅಂದಳು. ಪೈಪು ಮುಟ್ಟದೆ, ಕೈ ಬೀಸಿಕೊಂಡು ಸಾಲಿನ ಉದ್ದಕ್ಕೂ ನಡೆಯತೊಡಗಿದಳು. ಸಂಘಮಿತ್ರಾ ಪುಸ್ತಕ ಹಿಡಿದು ಹಿಂದೆ ಹೋದಳು. ಗಾಜುಗಳ ಮೇಲೆ ಎಳೆ ಬಿಸಿಲು ಓರೆಯಾಗಿ ಬಿದ್ದಿತ್ತು.

“ಮೊದ್ಲು ಬರಿಗೈಯಾಗೆ ಸಾಲೆಲ್ಲ ಒಂದ್ಸಲ ನಡೀಬೇಕು,” ಅಂದಳು ಪಾಪಕ್ಕ. “ಬಗ್ಗಿ, ಬಿಸ್ಲಿಗೆ ಮುಖ ಕೊಟ್ಟು ನೋಡ್ಬೇಕು. ಆವಾಗ ಬಿರುಕು ಮಿಂಚ್ತದೆ.”

“ಬಿಸ್ಲಿಗೆ ಬೆನ್ನು ಕೊಟ್ಟು ನೋಡ್ಬೇಕು,” ಅಂದಳು ಪಕ್ಕದ ಸಾಲಿನಿಂದ ಕೊಲ್ಲಾಪುರಮ್ಮ. “ಮುಖ ಕೊಟ್ರೆ ಕಣ್ಣು ಕುಕ್ತದೆ, ಏನು ಕಾಣ್ತದೆ ನಿನ್ನ ತಲೆ.”

“ಆರು ವರ್ಸದಿಂದ ನೋಡ್ತಿರೋಳು ನಾನು.”

“ನಾನೇನು ನಿನ್ನೆ ಬಂದ್ನಾ?”

ಸಂಘಮಿತ್ರಾ ‘ಒಂದು’ ಎಂದು ಬರೆದು, ಮುಂದೆ ಏನೂ ಬರೆಯದೆ ನಿಂತಳು. ಆಮೇಲೆ ಪುಸ್ತಕ ಮಡಿಸಿ ಕಂಕುಳಲ್ಲಿಟ್ಟುಕೊಂಡು, ಬಗ್ಗಿ, ಮೊದಲು ಬಿಸಿಲಿಗೆ ಮುಖ ಕೊಟ್ಟು ನೋಡಿದಳು.